ಮೂರನೇ ತುತ್ತಿಗೆ ಬರ್ಗರ್ ಬಿಚ್ಚಿಕೊಳ್ಳೋದು ಯಾಕೆ? ಯಾವ ಬನ್, ಒಳಗೆ ಏನೇನು, ಯಾವ ಕ್ರಮ?

ಮೂರನೇ_ತುತ್ತು (ಪ್ರಶ್ನೆ)

ಮನೆಯಲ್ಲಿ ಮಾಡುವ ಬರ್ಗರ್ ರುಚಿಯಲ್ಲಿ ಮೋಸ ಇಲ್ಲ, ಕೈಯಲ್ಲಿ ನಿಲ್ಲೋದೇ ಕಷ್ಟ. ಎರಡು ತುತ್ತಿನವರೆಗೆ ಸರಿ. ಮೂರನೆಯದಕ್ಕೆ ಕೆಳಗಿನ ಬನ್ ಒದ್ದೆಯಾಗಿ ಬೆರಳಿಗೆ ಅಂಟುತ್ತೆ, ಟೊಮೆಟೊ ಹಿಂದಿನಿಂದ ಜಾರಿ ತಟ್ಟೆಗೆ ಬೀಳುತ್ತೆ. ಪ್ಯಾಟಿ ಮುಗಿದ ಮೇಲೂ ಅಂಚಿನ ಬನ್ ಉಳಿದಿರುತ್ತೆ.

ಈಗಿನ ಲೆಕ್ಕ ಇದು:

ಬನ್: ಅಂಗಡಿಯ ಬ್ರಿಯೋಶ್ (ಬೆಣ್ಣೆ, ಮೊಟ್ಟೆ ಹೆಚ್ಚು ಹಾಕಿದ ಸಿಹಿ ಬನ್), ಅಡ್ಡಳತೆ 10 ಸೆಂ.ಮೀ., ಟೋಸ್ಟ್ ಮಾಡಿಲ್ಲ.
ಪ್ಯಾಟಿ: 150 ಗ್ರಾಂ ಕೈಮಾ, ಉಪ್ಪು, ಹೆಚ್ಚಿದ ಈರುಳ್ಳಿ, ಮೊಟ್ಟೆ ಕಲಸಿ ತಟ್ಟಿದ್ದು, 10 ಸೆಂ.ಮೀ. ಅಗಲ.
ಜೋಡಣೆ, ಕೆಳಗಿನಿಂದ ಮೇಲಕ್ಕೆ: ಬನ್, ಕೆಚಪ್, ಪ್ಯಾಟಿ, ಚೀಸ್, ಟೊಮೆಟೊ 3 ಬಿಲ್ಲೆ, ಲೆಟ್ಯೂಸ್ 2 ಎಲೆ, ಹಸಿ ಈರುಳ್ಳಿ, ಮೇಯೊನೇಸ್, ಬನ್.

ಇದರಲ್ಲಿ ಯಾವುದನ್ನು ಬದಲಾಯಿಸಬೇಕು? ಬನ್ ಯಾವುದಿರಬೇಕು ಅನ್ನೋದರಲ್ಲಿ ನಿಮ್ಮ ನಿಮ್ಮ ಇಷ್ಟ ಹೇಳಿ, ಆದರೆ ಕಾರಣ ಸಮೇತ ಹೇಳಿ. ಸಸ್ಯಾಹಾರಿ ಪ್ಯಾಟಿಗೂ ಇದೇ ನಿಯಮ ನಡೆಯುತ್ತಾ ಅನ್ನೋದೂ ಬೇಕು.

ಕಾವಲಿ_ಬಿಸಿ

ಉತ್ತರ ನಿಮ್ಮ ಪಟ್ಟಿಯಲ್ಲೇ ಇದೆ ಸಾರ್: "ಟೋಸ್ಟ್ ಮಾಡಿಲ್ಲ". ಕತ್ತರಿಸಿದ ಬನ್ನಿನ ಒಳಮೈ ಸ್ಪಂಜಿನ ಹಾಗೆ ತೂತು ತೂತು. ಪ್ಯಾಟಿಯಿಂದ ರಸ ಜಾಸ್ತಿ ಇಳಿಯೋದು ಒಲೆಯಿಂದ ತೆಗೆದ ಮೊದಲ ಎರಡು ಮೂರು ನಿಮಿಷದಲ್ಲಿ. ಆಗಲೇ ಅದನ್ನ ಹಾಗೇ ಬನ್ನಿನ ಮೇಲೆ ಕೂರಿಸಿದರೆ ಬನ್ ಹೀರದೆ ಇನ್ನೇನು ಮಾಡೀತು?

ಟೋಸ್ಟ್ ಅಂದರೆ ಟೋಸ್ಟರ್‌ಗೆ ಇಳಿಸಿ ಎರಡೂ ಕಡೆ ಒಣಗಿಸೋದಲ್ಲ. ಕತ್ತರಿಸಿದ ಮೈ ಮಾತ್ರ ಕಾಯಬೇಕು. ಒಂದೊಂದು ಹೋಳಿಗೆ ಒಂದು ಟೀ ಚಮಚ ಮೆದುವಾದ ಬೆಣ್ಣೆ ಅಂಚಿನ ತನಕ ಹಚ್ಚಿ, ನಡು ಉರಿಯಲ್ಲಿ ಕಾದ ಕಾವಲಿಯ ಮೇಲೆ ಮಗುಚಿ ಹಾಕಿ, ಅಂಗೈಯಿಂದ ಹಗುರವಾಗಿ ಒತ್ತಿ 60ರಿಂದ 90 ಸೆಕೆಂಡ್ ಬಿಡಿ. ಅಂಚಿನಿಂದ ಅಂಚಿಗೆ ಜೇನಿನ ಬಣ್ಣ ಬರಬೇಕು. ಬರೀ ಅಂಚು ಕೆಂಪಾಗಿ ನಡುವೆ ಬೆಳ್ಳಗೆ ಉಳಿದರೆ ಬನ್ ಸಮ ಕತ್ತರಿಸಿಲ್ಲ, ಇಲ್ಲವೇ ನೀವು ಒತ್ತಿಲ್ಲ. ರಸ ಇಳಿಯೋದು ಆ ನಡುವಿಗೇ, ಹಾಗಾಗಿ ಅಲ್ಲಿ ಬೆಳ್ಳಗಿದ್ದರೆ ಮಾಡಿದ ಕೆಲಸವೆಲ್ಲ ದಂಡ. ಉರಿ ತೀರಾ ಸಣ್ಣದಿದ್ದರೆ ಬಣ್ಣ ಬರೋ ಹೊತ್ತಿಗೆ ಒಳಗೂ ಒಣಗಿ ರಸ್ಕ್ ಆಗುತ್ತೆ.

ಬೆಣ್ಣೆಗಿಂತ ನನಗೆ ಮೇಯೊನೇಸ್ ಇಷ್ಟ. ಬೆಣ್ಣೆ ಕರಗಿ ಬನ್ನಿನ ಒಳಕ್ಕೆ ಇಳಿದುಬಿಡುತ್ತೆ. ಮೇಯೊ ಮೊಟ್ಟೆ, ಎಣ್ಣೆ ಕೂಡಿದ ದಪ್ಪ ಮಿಶ್ರಣ, ಹಚ್ಚಿದ ಕಡೆಯೇ ನಿಂತು ಒಂದೇ ಸಮ ಕಂದು ಬಣ್ಣ ಕೊಡುತ್ತೆ. ಪರಿಮಳದಲ್ಲಿ ಮಾತ್ರ ಬೆಣ್ಣೆಯೇ ಮುಂದೆ, ಅದನ್ನು ಒಪ್ಪಲೇಬೇಕು. ಯಾವುದಾದರೂ ಸರಿ, ಈ ಜಿಡ್ಡಿನ ಪದರ ನೀರನ್ನು ಪೂರ್ತಿ ನಿಲ್ಲಿಸೋದಿಲ್ಲ, ತಡ ಮಾಡುತ್ತೆ ಅಷ್ಟೆ. ಏಳೆಂಟು ನಿಮಿಷ ತಡವಾದರೆ ಸಾಕು, ಅಷ್ಟರಲ್ಲಿ ತಿಂದು ಮುಗಿದಿರುತ್ತೆ.

ಇನ್ನು ಕ್ರಮ. ಕೆಚಪ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ನೀರು. ಅದನ್ನು ಕೆಳಗಿನ ಬನ್ನಿಗೆ ಹಚ್ಚೋದು ಅಂದರೆ ಪ್ಯಾಟಿ ಬರೋ ಮೊದಲೇ ನೆನೆಹಾಕಿದ ಹಾಗೆ. ಕೆಳಗೆ ಜಿಡ್ಡಿನ ಸಾಸ್ ಇರಲಿ, ನೀರಿನ ಸಾಸ್ ಮೇಲಿರಲಿ. ಎರಡನೇ ತಪ್ಪು ಟೊಮೆಟೊ ಮೇಲೆ ಇಡೀ ಎಲೆ. ಎರಡೂ ನುಣುಪು, ನಡುವೆ ಒಂದಿಷ್ಟು ನೀರು, ಜಾರದೆ ಇರೋದಾದರೂ ಹೇಗೆ? ನುಣುಪಿನ ಮೇಲೆ ನುಣುಪು ಇಡಬೇಡಿ, ನಡುವೆ ಒರಟು ಏನಾದರೂ ಬರಲಿ.

ನನ್ನ ಕ್ರಮ, ಕೆಳಗಿನಿಂದ: ಟೋಸ್ಟ್ ಆದ ಬನ್, ಒಂದು ಟೀ ಚಮಚ ಮೇಯೊ ಸಾಸ್, ಪಿಕಲ್ (ವಿನೆಗರ್‌ನಲ್ಲಿ ನೆನೆದ ಸೌತೆಕಾಯಿ) 4 ಬಿಲ್ಲೆ, ಪ್ಯಾಟಿ, ಅದರ ಮೇಲೆ ಕರಗಿದ ಚೀಸ್, ಚೀಸ್ ಬಿಸಿ ಇರುವಾಗಲೇ ತೆಳ್ಳನೆ ಈರುಳ್ಳಿ, ಟೊಮೆಟೊ 1 ಬಿಲ್ಲೆ, ಸಣ್ಣಗೆ ಹೆಚ್ಚಿದ ಲೆಟ್ಯೂಸ್ ಒಂದು ಹಿಡಿ, ಸಾಸ್, ಮೇಲಿನ ಬನ್. ಕರಗಿದ ಚೀಸ್ ಈರುಳ್ಳಿಯನ್ನು ಅಂಟಿನ ಹಾಗೆ ಹಿಡಿದುಕೊಳ್ಳುತ್ತೆ, ಈರುಳ್ಳಿಯ ಏಣು ಟೊಮೆಟೊವನ್ನು ತಡೆಯುತ್ತೆ. ಒಟ್ಟು ಎತ್ತರ 7 ಸೆಂ.ಮೀ. ದಾಟಿದರೆ ಏನೋ ಒಂದನ್ನು ತೆಗೆಯಿರಿ. ಬಾಯಿಗೆ ಹಿಡಿಸದ್ದನ್ನು ಒತ್ತಿ ಒತ್ತಿ ತಿನ್ನುವಾಗಲೇ ಎಲ್ಲ ಹಿಂದಕ್ಕೆ ಓಡೋದು.

ಹಿಟ್ಟು_ನಾದಿದವ

ಟೋಸ್ಟ್ ವಿಷಯ ಸರಿ. ಆದರೆ ಬ್ರಿಯೋಶ್ ಬಗ್ಗೆ ಯಾರೂ ಕೇಳಲೇ ಇಲ್ಲವಲ್ಲ. ಬರ್ಗರ್‌ಗೆ ಬ್ರಿಯೋಶ್ ಅನ್ನೋದು ನೋಡೋಕೆ ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ಬೆಣ್ಣೆ ಹೆಚ್ಚಾದಷ್ಟೂ ಹಿಟ್ಟಿಗೆ ಬಿಗಿ ಕೊಡುವ ಪ್ರೋಟೀನ್, ಅಂದರೆ ಗ್ಲುಟೆನ್, ಅದರ ಎಳೆಗಳು ಚಿಕ್ಕದಾಗುತ್ತವೆ. ಒಳಮೈ ಬಾಯಲ್ಲಿ ಕರಗುತ್ತೆ ಅಂತ ಹೊಗಳೋದು ಇದನ್ನೇ. ಬಾಯಲ್ಲಿ ಕರಗುವುದು ಕೈಯಲ್ಲೂ ಕರಗುತ್ತೆ, 150 ಗ್ರಾಂ ರಸಭರಿತ ಪ್ಯಾಟಿ ಹೊರುವ ಬಲ ಅದಕ್ಕಿಲ್ಲ. ಜೊತೆಗೆ ಸಿಹಿ. ಸಿಹಿ ಬನ್, ಸಿಹಿ ಕೆಚಪ್, ಬಾಡಿಸಿದ ಈರುಳ್ಳಿ ಮೂರೂ ಸೇರಿದರೆ ಹುಳಿಗೆ ಜಾಗವೇ ಇರೋದಿಲ್ಲ. ಹಾಗೆಂದು ಚಿಯಾಬಾಟದಂಥ ಗಟ್ಟಿ ಸಿಪ್ಪೆಯ ಇಟಲಿಯ ಬ್ರೆಡ್ ತರಬೇಡಿ. ಕಚ್ಚೋಕೆ ಬಲ ಹಾಕಿದಷ್ಟೂ ಒಳಗಿನದು ಹೊರಗೆ ಬರುತ್ತೆ. ಹಲ್ಲಿಗೆ ಸುಲಭವಾಗಿ ತುಂಡಾಗಬೇಕು, ಒತ್ತಿದರೆ ಮತ್ತೆ ಏಳಬೇಕು. ಆಲೂಗಡ್ಡೆ ಬನ್ ಅಥವಾ ಹಾಲಿನ ಗಂಜಿ ಹಾಕಿದ ಬನ್ ಎರಡನ್ನೂ ಮಾಡುತ್ತೆ. ನನ್ನ ಓಟು ಗಂಜಿ ಬನ್ನಿಗೆ.

8 ಬನ್ನಿಗೆ ಅಳತೆ, ಎಲ್ಲ ಗ್ರಾಂನಲ್ಲಿ. ಗಂಜಿಗೆ: ಮೈದಾ 25, ಹಾಲು 125. ಹಿಟ್ಟಿಗೆ: ಮೈದಾ 325 (ಬ್ರೆಡ್ ಹಿಟ್ಟು ಸಿಕ್ಕರೆ ಅದೇ ಒಳ್ಳೆಯದು), ಹಾಲು 100, ಮೊಟ್ಟೆ 1, ಸಕ್ಕರೆ 30, ಉಪ್ಪು 6, ಇನ್‌ಸ್ಟಂಟ್ ಈಸ್ಟ್ 5, ಬೆಣ್ಣೆ 40.

ಗಂಜಿಯ ಮೈದಾ, ಹಾಲನ್ನು ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. 65 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ದಪ್ಪಗಾಗಿ, ಚಮಚ ಎಳೆದ ಗೆರೆ ತಳದಲ್ಲಿ ಒಂದು ಕ್ಷಣ ನಿಲ್ಲುತ್ತೆ. ಅಲ್ಲಿಗೆ ಇಳಿಸಿ, ಪೂರ್ತಿ ಆರಿಸಿ. ಬೆಂದ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳೋದರಿಂದ ಬನ್ ಮರುದಿನವೂ ಮೆತ್ತಗಿರುತ್ತೆ. ಬಿಸಿ ಗಂಜಿ ಸುರಿದರೆ ಈಸ್ಟ್ ಸಾಯುತ್ತೆ, ಆಮೇಲೆ ಈಸ್ಟ್ ಕೆಟ್ಟಿತ್ತು ಅಂತ ದೂರೋದು ಬೇಡ.

ಬೆಣ್ಣೆ ಬಿಟ್ಟು ಎಲ್ಲ ಸೇರಿಸಿ 6ರಿಂದ 8 ನಿಮಿಷ ನಾದಿ, ಆಮೇಲೆ ಮೆದುವಾದ ಬೆಣ್ಣೆಯನ್ನು ಮೂರು ಸಲ ಸೇರಿಸುತ್ತಾ ಇನ್ನೂ 8 ನಿಮಿಷ. ಬೆಣ್ಣೆ ಮೊದಲೇ ಹಾಕಿದರೆ ಗ್ಲುಟೆನ್ ಕೂಡಿಕೊಳ್ಳೋದು ನಿಧಾನ. ಹಿಟ್ಟು ಕೈಗೆ ಅಂಟುತ್ತೆ, ಅಂಟಲಿ. ಹೆದರಿ ಎರಡು ಹಿಡಿ ಮೈದಾ ಉದುರಿಸಿದರೆ ಬನ್ ಕಲ್ಲಾಗೋದು ಅಲ್ಲೇ. ಎರಡು ಪಟ್ಟು ಉಬ್ಬಿದ ಮೇಲೆ 85 ಗ್ರಾಂನ ಉಂಡೆ ಮಾಡಿ, 10 ನಿಮಿಷ ಬಿಟ್ಟು 9 ಸೆಂ.ಮೀ. ಅಗಲಕ್ಕೆ ತಟ್ಟಿ. ತಟ್ಟದೆ ಉಂಡೆಯಾಗೇ ಇಟ್ಟರೆ ಬನ್ ಚೆಂಡಿನ ಹಾಗೆ ಎತ್ತರಕ್ಕೆ ಬೆಳೆಯುತ್ತೆ. 45ರಿಂದ 60 ನಿಮಿಷದ ಎರಡನೇ ಉಬ್ಬು. ಬೆರಳಲ್ಲಿ ಒತ್ತಿದ ಗುಳಿ ನಿಧಾನವಾಗಿ, ಅರ್ಧದಷ್ಟು ಮಾತ್ರ ಮೇಲೆದ್ದರೆ ಓವನ್‌ಗೆ ಹೋಗಬಹುದು. ಗುಳಿ ಏಳಲೇ ಇಲ್ಲ ಅಂದರೆ ಮಿತಿಮೀರಿ ಉಬ್ಬಿದೆ, ಬೆಂದ ಮೇಲೆ ಮೈ ಸುಕ್ಕಾಗುತ್ತೆ. ಮೇಲೆ ಮೊಟ್ಟೆ ಸವರಿ, ಎಳ್ಳು ಬೇಕಿದ್ದರೆ ಆಗಲೇ ಉದುರಿಸಿ. 190 ಡಿಗ್ರಿಯಲ್ಲಿ 15ರಿಂದ 17 ನಿಮಿಷ, ನಡುವಿನ ಬಿಸಿ 90 ಡಿಗ್ರಿ ಮುಟ್ಟಿದರೆ ಬೆಂದಿದೆ.

ಮೊಟ್ಟೆ ಬೇಡದವರು ಅದರ ಬದಲು 45 ಗ್ರಾಂ ಹಾಲು ಹಾಕಿ, ಮೇಲಕ್ಕೂ ಹಾಲನ್ನೇ ಸವರಿ. ಹೊಳಪು ಕಡಿಮೆ, ಎಳ್ಳು ಸ್ವಲ್ಪ ಉದುರುತ್ತೆ, ಬೇರೆ ನಷ್ಟ ಇಲ್ಲ. ಆಲೂಗಡ್ಡೆ ಬನ್ ಬೇಕಾದರೆ ಗಂಜಿ ಬಿಟ್ಟು, 350 ಗ್ರಾಂ ಮೈದಾಕ್ಕೆ ಬೇಯಿಸಿ ನುಣ್ಣಗೆ ಅರೆದ ಆಲೂಗಡ್ಡೆ 100 ಗ್ರಾಂ, ಹಾಲು ಸುಮಾರು 145. ಆಲೂಗಡ್ಡೆಯ ನೀರು ಒಂದೊಂದರಲ್ಲಿ ಒಂದೊಂದು ಥರ, ಕೊನೆಯ 20 ಗ್ರಾಂ ಹಾಲನ್ನು ಕೈಯಲ್ಲಿಟ್ಟುಕೊಂಡು ನಾದಿ.

ಪೂರ್ತಿ ಆರಿದ ಮೇಲೆ ಹಲ್ಲಿನ ಚಾಕುವಿನಲ್ಲಿ ಕತ್ತರಿಸಿ, ಕೆಳಗಿನ ಹೋಳು ಕನಿಷ್ಠ 1.5 ಸೆಂ.ಮೀ. ದಪ್ಪ ಇರಲಿ. ಅಂಗಡಿಯ ಕತ್ತರಿಸಿದ ಬನ್ನುಗಳಲ್ಲಿ ಎಷ್ಟೋ ಸಲ ಕೆಳಗಿನದೇ ತೆಳ್ಳಗಿರುತ್ತೆ. ಅಂಥದ್ದು ಸಿಕ್ಕರೆ ಬನ್ನನ್ನೇ ತಲೆಕೆಳಗು ಮಾಡಿ ಕಟ್ಟಿ. ಗುಮ್ಮಟ ಕೆಳಗೆ, ಚಪ್ಪಟೆ ಮೇಲೆ. ನಗಬೇಡಿ, ನಿಲ್ಲುತ್ತೆ. ಉಳಿದ ಬನ್ ಫ್ರಿಜ್‌ನಲ್ಲಿ ಇಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತೆ. ಇಡೋದಾದರೆ ಫ್ರೀಜರ್‌ನಲ್ಲಿ ಇಡಿ.

ಮೂರನೇ_ತುತ್ತು

ಬನ್ ಬದಲಾಯಿಸ್ತೀನಿ, ಟೋಸ್ಟೂ ಮಾಡ್ತೀನಿ. ಪ್ಯಾಟಿಯಲ್ಲಿ ಏನೂ ತಪ್ಪಿಲ್ಲ ಅಂದುಕೊಳ್ಳಲಾ?

ಕೊಬ್ಬು_ಇಪ್ಪತ್ತು

ಅಲ್ಲೇ ಜಾಸ್ತಿ ತಪ್ಪಿರೋದು. ಉಪ್ಪು, ಮೊಟ್ಟೆ, ಈರುಳ್ಳಿ ಕಲಸಿದರೆ ಅದು ಕಟ್ಲೆಟ್, ಬರ್ಗರ್ ಪ್ಯಾಟಿ ಅಲ್ಲ. ಕೈಮಾಕ್ಕೆ ಉಪ್ಪು ಕಲಸಿದರೆ ಮಾಂಸದ ಮಯೋಸಿನ್ ಅನ್ನೋ ಪ್ರೋಟೀನ್ ಕರಗಿ ಅಂಟಾಗುತ್ತೆ. ಸಾಸೇಜ್ ಮಾಡುವವರು ಬೇಕೆಂದೇ ಮಾಡೋದು ಅದನ್ನ. ಬೆಂದ ಮೇಲೆ ರಬ್ಬರಿನ ಹಾಗೆ ಪುಟಿಯುತ್ತೆ, ಕಚ್ಚಿದರೆ ಹಲ್ಲಿಗೆ ಎದುರು ನಿಲ್ಲುತ್ತೆ, ನೀವು ಎಳೆದಾಗ ಇಡೀ ಪ್ಯಾಟಿಯೇ ಬನ್ನಿನಿಂದ ಜಾರಿ ಬರುತ್ತೆ. ಹಸಿ ಈರುಳ್ಳಿ ಒಳಗಡೆ ನೀರು ಬಿಟ್ಟು ಪ್ಯಾಟಿಯನ್ನು ಸೀಳುತ್ತೆ. ಮೊಟ್ಟೆಗೆ ಅಲ್ಲಿ ಕೆಲಸವೇ ಇಲ್ಲ.

ಬೇಕಾಗಿರೋದು ಮಾಂಸ, ಕೊಬ್ಬು, ಅಷ್ಟೆ. ಬೀಫ್ ಆಗಲಿ ಮಟನ್ ಆಗಲಿ 100ಕ್ಕೆ 20 ಕೊಬ್ಬು. 10ಕ್ಕೆ ಇಳಿದರೆ ಒಣ ಹುಡಿ, 30 ದಾಟಿದರೆ ಬಾಣಲೆ ತುಂಬ ಎಣ್ಣೆ, ಪ್ಯಾಟಿ ಮುಕ್ಕಾಲು. ಕೈಮಾ ಫ್ರಿಜ್‌ನಿಂದ ತೆಗೆದ ತಕ್ಷಣ ತಟ್ಟಿ. ಕೈಬಿಸಿಗೆ ಕೊಬ್ಬು ಕರಗಿ ಮಾಂಸಕ್ಕೆ ಬಳಿದುಕೊಂಡರೆ ಬೇಯುವಾಗ ಮೊದಲು ಓಡಿಹೋಗೋದು ಅದೇ. ನಾದಬೇಡಿ, ಬಿಡಿಬಿಡಿಯಾಗಿ ಒತ್ತಿ ಸೇರಿಸಿ. ಬೆಂದಾಗ ಐದರಲ್ಲಿ ಒಂದು ಭಾಗದಷ್ಟು ಅಗಲ ಕುಗ್ಗುತ್ತೆ, ಆದ್ದರಿಂದ 10 ಸೆಂ.ಮೀ. ಬನ್ನಿಗೆ 12 ಸೆಂ.ಮೀ. ಪ್ಯಾಟಿ. ನೀವು ಬನ್ನಿನ ಅಳತೆಗೇ ತಟ್ಟಿದ್ದೀರಿ, ಅದು 8 ಆಗಿ ನಡುವೆ ಕೂತಿದೆ. ಅಂಚಿನಲ್ಲಿ ಬರೀ ಬನ್ ಉಳಿಯೋ ದೂರಿಗೆ ಇದೇ ಕಾರಣ. ನಡುವೆ ಹೆಬ್ಬೆರಳಿನಿಂದ ಒಂದು ತಗ್ಗು ಮಾಡಿ. ಅಂಚು ಮೊದಲು ಬಿಗಿದು ನಡುವನ್ನು ಮೇಲಕ್ಕೆ ನೂಕೋದರಿಂದಲೇ ಪ್ಯಾಟಿ ಚೆಂಡಾಗೋದು.

ಉಪ್ಪು ಹೊರಗೆ, ಬಾಣಲೆಗೆ ಬೀಳುವ ಮುಂಚೆ ಮಾತ್ರ. 150 ಗ್ರಾಂಗೆ ಎರಡೂ ಬದಿ ಸೇರಿ 2 ಗ್ರಾಂ ಹತ್ತಿರ. ದಪ್ಪ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದಿರಲಿ, ಒಂದೊಂದು ಬದಿ 3ರಿಂದ 4 ನಿಮಿಷ. ಒಮ್ಮೆ ಕೂತ ಮೇಲೆ ಸಟ್ಟುಗದಲ್ಲಿ ಒತ್ತಬೇಡಿ. ಚುಂಯ್ ಅಂತ ಕೇಳೋ ಸದ್ದು ನಿಮ್ಮ ರಸದ್ದೇ.

ಎಷ್ಟು ಬೇಯಿಸಬೇಕು ಅನ್ನೋದರಲ್ಲಿ ಇಷ್ಟಾನಿಷ್ಟಕ್ಕೆ ಜಾಗ ಕೊಡಬೇಡಿ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಇರೋದು ಮುಖ್ಯವಾಗಿ ಹೊರಮೈ ಮೇಲೆ, ಹೊರಗೆ ಸುಟ್ಟರೆ ಸಾಯುತ್ತವೆ. ಕೈಮಾ ಮಾಡಿದಾಗ ಹೊರಗಿನದೆಲ್ಲ ಒಳಗೂ ಬೆರೆತಿರುತ್ತೆ. ಬೀಫ್, ಮಟನ್ ಕೈಮಾ ಒಳಗೆ 71 ಡಿಗ್ರಿ, ಕೋಳಿ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಮೇಲಿನಿಂದ ಅಲ್ಲ, ಪಕ್ಕದಿಂದ ನಡುವಿಗೆ ಚುಚ್ಚಿ. ಬಣ್ಣ ನಂಬಬೇಡಿ, ಕೆಲವು ಸಲ 71 ಮುಟ್ಟುವ ಮೊದಲೇ ಒಳಗೆ ಕಂದಾಗಿರುತ್ತೆ. ಕೋಳಿಗೆ ಎದೆ ಮಾಂಸ ಬೇಡ, ತೊಡೆಯದು ತಗೊಳ್ಳಿ. ಅಂಟು ಜಾಸ್ತಿ ಇರೋದರಿಂದ 500 ಗ್ರಾಂಗೆ 30 ಗ್ರಾಂ ಬ್ರೆಡ್ ಪುಡಿಯನ್ನು ಎರಡು ಚಮಚ ಹಾಲಿನಲ್ಲಿ ನೆನೆಸಿ ಸೇರಿಸಿದರೆ ಮೆದುವಾಗುತ್ತೆ.

ನನ್ನನ್ನು ಕೇಳಿದರೆ ದಪ್ಪ ಪ್ಯಾಟಿಯ ಗೋಜೇ ಬೇಡ. ಸ್ಮ್ಯಾಶ್ ಮಾಡಿ. 60 ಗ್ರಾಂನ ಎರಡು ಉಂಡೆ, ಹೊಗೆ ಏಳುವಷ್ಟು ಕಾದ ಕಬ್ಬಿಣದ ಮೇಲೆ ಎಣ್ಣೆ ಹಾಕದೆ ಇಡಿ, ಬೇಕಿಂಗ್ ಪೇಪರ್ ಮುಚ್ಚಿ ಭಾರದ ಸಟ್ಟುಗದಿಂದ ಒಂದೇ ಸಲಕ್ಕೆ 12 ಸೆಂ.ಮೀ. ಅಗಲ, ಅರ್ಧ ಸೆಂ.ಮೀ. ದಪ್ಪಕ್ಕೆ ಒತ್ತಿ ಹತ್ತು ಎಣಿಸಿ. ಮೊದಲ 30 ಸೆಕೆಂಡ್ ಒಳಗೆ ಕೊಬ್ಬು ಇನ್ನೂ ಕರಗಿರೋದಿಲ್ಲ, ಒತ್ತಿದರೆ ನಷ್ಟ ಇಲ್ಲ. ಪೇಪರ್ ತೆಗೆದು ಉಪ್ಪು ಹಾಕಿ. ಒಂದೂವರೆ ನಿಮಿಷಕ್ಕೆ ಅಂಚು ಜಾಲರಿಯ ಹಾಗೆ ಕಂದಾಗುತ್ತೆ. ಆಗ ಹರಿತವಾದ ಸಟ್ಟುಗವನ್ನು ತಳಕ್ಕೆ ತಾಗಿಸಿ ಕೆರೆದು ಮಗುಚಿ. ಕಂದು ಪದರ ಬಾಣಲೆಯಲ್ಲೇ ಉಳಿದರೆ ರುಚಿಯೂ ಅಲ್ಲೇ ಉಳಿಯಿತು. ಮಗುಚಿದ ಕೂಡಲೇ ಚೀಸ್, ಇನ್ನು 40ರಿಂದ 60 ಸೆಕೆಂಡ್. ಎರಡು ತೆಳ್ಳನೆ ಪ್ಯಾಟಿ ನಡುವೆ ಚೀಸ್ ಅಂಟಾಗಿ ಕೂತರೆ ಯಾವುದೂ ಜಾರೋದಿಲ್ಲ, ಕಂದು ಮೈಯೂ ಎರಡು ಪಟ್ಟು.

ಕಾವಲಿ_ಬಿಸಿ

ಮೇಲಿನದಕ್ಕೆ ಒಂದು ಎಚ್ಚರಿಕೆ. ಸ್ಮ್ಯಾಶ್‌ಗೆ ನಾನ್‌ಸ್ಟಿಕ್ ಬಾಣಲೆ ಮುಟ್ಟಲೇಬೇಡಿ. 260 ಡಿಗ್ರಿ ದಾಟಿದರೆ ಆ ಲೇಪ ಹಾಳಾಗೋಕೆ ಶುರುವಾಗುತ್ತೆ, ಖಾಲಿ ಬಾಣಲೆ ಜೋರು ಉರಿಯಲ್ಲಿ ಅಲ್ಲಿಗೆ ಮುಟ್ಟೋದು ಕೆಲವೇ ನಿಮಿಷದಲ್ಲಿ. ಅದೂ ಅಲ್ಲದೆ ಸ್ಮ್ಯಾಶ್ ಮಾಂಸ ಬಾಣಲೆಗೆ ಅಂಟಬೇಕು. ಅಂಟಿದ್ದಕ್ಕೇ ಆ ಕಂದು ಬಣ್ಣ.

ಕಾಳು_ಪ್ಯಾಟಿ

ಸಸ್ಯಾಹಾರಿ ಪ್ಯಾಟಿಗೆ ನಿಯಮ ಪೂರ್ತಿ ಉಲ್ಟಾ. ಮಾಂಸದ್ದು ಬೆಂದಂತೆ ಬಿಗಿಯುತ್ತೆ, ಕಾಳಿನದು ಬೆಂದಂತೆ ಮೆತ್ತಗಾಗುತ್ತೆ. ಕಚ್ಚಿದಾಗ ಪಕ್ಕದಿಂದ ಚಟ್ನಿಯ ಹಾಗೆ ಹೊರಬರೋದು ಎಲ್ಲರ ದೂರು. ಅದಕ್ಕೆ ಎಲ್ಲರೂ ಮಾಡುವ ಮದ್ದು ಇನ್ನಷ್ಟು ಬ್ರೆಡ್ ಪುಡಿ. ಅದು ನೀರನ್ನು ಹೀರಿ ಹಿಟ್ಟುಹಿಟ್ಟಾದ ಉಂಡೆ ಕೊಡುತ್ತೆ, ರುಚಿಯನ್ನೂ ನುಂಗುತ್ತೆ. ನೀರನ್ನು ಹೀರಿಸೋದಲ್ಲ, ಮೊದಲೇ ಓಡಿಸಬೇಕು.

ರಾಜ್ಮಾ ಅಥವಾ ಕಪ್ಪು ಬೀನ್ಸ್ ಬೇಯಿಸಿ ಸೋಸಿದ್ದು 400 ಗ್ರಾಂ. ತಟ್ಟೆಯಲ್ಲಿ ಹರಡಿ 170 ಡಿಗ್ರಿ ಓವನ್‌ನಲ್ಲಿ 15 ನಿಮಿಷ, ಸಿಪ್ಪೆ ಬಿರಿಯುವ ತನಕ. ಅಣಬೆ 250 ಗ್ರಾಂ ಸಣ್ಣಗೆ ಹೆಚ್ಚಿ, ಅಗಲ ಬಾಣಲೆಯಲ್ಲಿ ನೀರೆಲ್ಲ ಇಂಗಿ ತಳಕ್ಕೆ ಅಂಟುವವರೆಗೆ ಹುರಿಯಿರಿ. ಕಾಳಿನ ಅರ್ಧ ಭಾಗ ನುಣ್ಣಗೆ ಅರೆದು, ಉಳಿದರ್ಧ ಫೋರ್ಕಿನಲ್ಲಿ ಒರಟಾಗಿ ಮುರಿಯಿರಿ. ಎಲ್ಲ ನುಣ್ಣಗಾದರೆ ಪೇಸ್ಟು, ಎಲ್ಲ ಒರಟಾದರೆ ಬಿರುಕು. ಅದಕ್ಕೆ ಬೇಯಿಸಿ ಆರಿಸಿದ ಅನ್ನ ಅಥವಾ ಬಾರ್ಲಿ 80 ಗ್ರಾಂ, ಮೊಟ್ಟೆ 1 ಇಲ್ಲವೇ ಹುರಿದ ಕಡಲೆಹಿಟ್ಟು 3 ದೊಡ್ಡ ಚಮಚ, ಉಪ್ಪು, ಮೆಣಸು. ಇಲ್ಲಿ ಉಪ್ಪು ಒಳಗೇ ಕಲಸಬೇಕು, ಬಿಗಿಯೋದಕ್ಕೆ ಮಾಂಸದ ಪ್ರೋಟೀನೇ ಇಲ್ಲವಲ್ಲ. 110 ಗ್ರಾಂನ ಪ್ಯಾಟಿ ತಟ್ಟಿ ಒಂದು ಗಂಟೆ ಫ್ರಿಜ್. ನಡು ಉರಿ, ಎಣ್ಣೆ ಧಾರಾಳ, ಒಂದೊಂದು ಬದಿ 4ರಿಂದ 5 ನಿಮಿಷ, ಒಂದೇ ಸಲ ಮಗುಚೋದು. ಇದು ಕುಗ್ಗೋದಿಲ್ಲ, ಆದ್ದರಿಂದ ಬನ್ನಿನ ಅಗಲಕ್ಕೇ ತಟ್ಟಿ. ದಪ್ಪ 1.5 ಸೆಂ.ಮೀ. ದಾಟದಿರಲಿ.

ಒಣ ರಾಜ್ಮಾ ಬಳಸುವವರು 5 ಗಂಟೆ ಆದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಮುಂದಿನ ಬೇಯಿಸುವಿಕೆ. ಅರೆಬೆಂದ ರಾಜ್ಮಾದಲ್ಲಿರೋ ಲೆಕ್ಟಿನ್ ಅನ್ನೋ ಪ್ರೋಟೀನ್ ಹೊಟ್ಟೆ ಕೆಡಿಸುತ್ತೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಹೋಗೋದಿಲ್ಲ, ಕುದಿಯಲೇಬೇಕು.

ಅಂಗಡಿಯ ಮಾಂಸದಂಥ ಸಸ್ಯಾಹಾರಿ ಪ್ಯಾಟಿಗಳಲ್ಲಿ ಅಂಟಿಗೆ ಹೆಚ್ಚಾಗಿ ಮೀಥೈಲ್‌ಸೆಲ್ಯುಲೋಸ್ ಇರುತ್ತೆ. ಅದರ ಗುಣ ವಿಚಿತ್ರ: ಬಿಸಿಯಾದಾಗ ಗಟ್ಟಿ, ತಣ್ಣಗಾದಾಗ ಸಡಿಲ. ಬಿಸಿಯಾಗೇ ತಿನ್ನಿ.

ಇನ್ನು ಬನ್. ಕಾಳಿನ ಪ್ಯಾಟಿ ತಾನೇ ಮೆತ್ತಗೆ, ಅದಕ್ಕೆ ಮೆತ್ತನೆ ಬನ್ ಸೇರಿದರೆ ಹಲ್ಲಿಗೆ ಕೆಲಸವೇ ಇಲ್ಲ. ಟೋಸ್ಟ್ ಇನ್ನೊಂದು ಅರ್ಧ ನಿಮಿಷ ಜಾಸ್ತಿ ಮಾಡಿ, ಲೆಟ್ಯೂಸ್, ಹಸಿ ಈರುಳ್ಳಿ, ಪಿಕಲ್ ಧಾರಾಳವಾಗಿ ಹಾಕಿ. ಕರಂಕುರುಂ ಬರಬೇಕಾಗಿರೋದು ಅಲ್ಲಿಂದಲೇ. ಇದರಿಂದ ರಸ ಇಳಿಯೋದಿಲ್ಲವಾದ್ದರಿಂದ ಸಾಸ್ ಮಾತ್ರ ಎರಡು ಪಟ್ಟು.

ಉಪ್ಪು_ಹುಳಿ

ಎಲ್ಲರೂ ಟೊಮೆಟೊವನ್ನು ಎಲ್ಲಿ ಇಡಬೇಕು ಅಂತ ಚರ್ಚೆ ಮಾಡ್ತಿದ್ದೀರಿ, ಬೇಕಾ ಅಂತ ಯಾರೂ ಕೇಳ್ತಿಲ್ಲ. ಟೊಮೆಟೊದಲ್ಲಿ 100ಕ್ಕೆ 94 ಭಾಗ ನೀರು. ಹಣ್ಣಾಗಿ ಕೆಂಪಾಗಿದ್ದರೆ, ಅರ್ಧ ಸೆಂ.ಮೀ. ಬಿಲ್ಲೆ ಮಾಡಿ, ಚಿಟಿಕೆ ಉಪ್ಪು ಉದುರಿಸಿ, ಪೇಪರ್ ಮೇಲೆ 10 ನಿಮಿಷ ಬಿಟ್ಟು ಒರೆಸಿ ಹಾಕಿ. ಅಷ್ಟು ತಾಳ್ಮೆ ಇಲ್ಲದಿದ್ದರೆ, ಅಥವಾ ಕತ್ತರಿಸಿದಾಗ ನಡು ಬೆಳ್ಳಗಿದ್ದರೆ, ಬಿಟ್ಟುಬಿಡಿ. ಅದು ಕೊಡಬೇಕಾದ ಹುಳಿಯನ್ನು ಪಿಕಲ್ ಇನ್ನೂ ಚೆನ್ನಾಗಿ ಕೊಡುತ್ತೆ. ಸ್ಮ್ಯಾಶ್‌ಗಂತೂ ಟೊಮೆಟೊ ಬೇಡವೇ ಬೇಡ. ಗರಿಗರಿ ಅಂಚಿನ ಮೇಲೆ ನೀರು ಸುರಿದ ಹಾಗೆ.

ಪಿಕಲ್ ಮನೆಯಲ್ಲೇ ಮಾಡಬಹುದು. ಎಳೆ ಸೌತೆಕಾಯಿ 3 ಮಿ.ಮೀ. ಬಿಲ್ಲೆ. ವಿನೆಗರ್, ನೀರು ತಲಾ ಅರ್ಧ ಕಪ್, ಸಕ್ಕರೆ ಒಂದು ದೊಡ್ಡ ಚಮಚ, ಉಪ್ಪು ಒಂದು ಟೀ ಚಮಚ ಕುದಿಸಿ, ಆರಿದ ಮೇಲೆ ಸುರಿಯಿರಿ. ಬಿಸಿಯಾಗಿ ಸುರಿದರೆ ಬೇಗ ಹುಳಿ ಹಿಡಿಯುತ್ತೆ, ಆದರೆ ಕಡಕ್ ಹೋಗುತ್ತೆ. ಒಂದು ರಾತ್ರಿ ಫ್ರಿಜ್‌ನಲ್ಲಿದ್ದರೆ ಸಾಕು. ಇದು ಬೇಗ ಮುಗಿಸುವ ಪಿಕಲ್, ಹೊರಗಿಟ್ಟರೆ ಬಾಳೋದಿಲ್ಲ.

ಚೀಸ್‌ನಲ್ಲಿ ಜನ ಜಂಬ ಮಾಡೋದು ನೋಡಿದ್ದೀನಿ. ಹಳೆಯ ಚೆಡ್ಡರ್ ರುಚಿಯೇನೋ ಸರಿ, ಬಿಸಿ ತಾಗಿದರೆ ಎಣ್ಣೆ ಒಂದು ಕಡೆ, ಗಟ್ಟಿ ಒಂದು ಕಡೆ. ಆ ಎಣ್ಣೆಯ ಮೇಲೆ ಉಳಿದದ್ದೆಲ್ಲ ಜಾರುತ್ತೆ. ಪ್ರೋಸೆಸ್ಡ್ ಸ್ಲೈಸ್‌ನಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಲವಣ ಇರುತ್ತೆ, ಅದು ಕೊಬ್ಬು, ನೀರು, ಪ್ರೋಟೀನ್ ಮೂರನ್ನೂ ಬಿಡದೆ ಹಿಡಿದಿಡುತ್ತೆ. ಬರ್ಗರ್‌ಗೆ ಅದೇ ಸರಿ, ನಾಚಿಕೆ ಬೇಡ. ಚೆಡ್ಡರೇ ಬೇಕಂದರೆ ಎಳೆಯದು ತಗೊಂಡು ತುರಿದು ಹಾಕಿ. ದಪ್ಪ ಪ್ಯಾಟಿಯ ಮೇಲೆ ಚೀಸ್ ಕರಗದಿದ್ದರೆ ಬಾಣಲೆಯ ಅಂಚಿಗೆ ಒಂದು ಟೀ ಚಮಚ ನೀರು ಬಿಟ್ಟು 20 ಸೆಕೆಂಡ್ ಮುಚ್ಚಳ ಮುಚ್ಚಿ. ಆವಿ ಕರಗಿಸುತ್ತೆ.

ಸಾಸ್ ಅಳತೆ, 4 ಬರ್ಗರ್‌ಗೆ: ಮೇಯೊ 4 ದೊಡ್ಡ ಚಮಚ, ಕೆಚಪ್ 1 ದೊಡ್ಡ ಚಮಚ, ಸಾಸಿವೆ ಸಾಸ್ 1 ಟೀ ಚಮಚ, ಪಿಕಲ್ ಸಣ್ಣಗೆ ಹೆಚ್ಚಿ ಹಿಂಡಿದ್ದು 1 ದೊಡ್ಡ ಚಮಚ, ಬೆಳ್ಳುಳ್ಳಿ ಪುಡಿ ಚಿಟಿಕೆ. ಹಿಂಡೋದು ಮರೆತರೆ ಅರ್ಧ ಗಂಟೆಯಲ್ಲಿ ಸಾಸ್ ನೀರು. ಮೂಲ ಪ್ರಶ್ನೆಯಲ್ಲಿ ಕೆಚಪ್ ಒಂದು ಕಡೆ, ಮೇಯೊ ಇನ್ನೊಂದು ಕಡೆ ಇತ್ತಲ್ಲ, ಎರಡನ್ನೂ ಹೀಗೆ ಒಂದಾಗಿಸಿದರೆ ಕೆಚಪ್‌ನ ನೀರು ಮೇಯೊದಲ್ಲೇ ಸಿಕ್ಕಿಕೊಳ್ಳುತ್ತೆ, ಬನ್ನಿಗೆ ಇಳಿಯೋದು ಕಡಿಮೆ.

ಈರುಳ್ಳಿ ಹಸಿ ಹಾಕೋದಾದರೆ ಕಾಗದದಷ್ಟು ತೆಳ್ಳಗೆ ಕೊಯ್ದು 10 ನಿಮಿಷ ತಣ್ಣೀರಲ್ಲಿ ಇಟ್ಟು, ಚೆನ್ನಾಗಿ ಒರೆಸಿ. ಘಾಟು ಹೋಗುತ್ತೆ, ಕಡಕ್ ಉಳಿಯುತ್ತೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಮೆರಿಕದ ಒಕ್ಲಹೋಮಾ ಶೈಲಿ: 60 ಗ್ರಾಂ ಉಂಡೆಯ ಮೇಲೆ ಅಷ್ಟೇ ತೂಕದ ತೆಳ್ಳನೆ ಈರುಳ್ಳಿ ಹೇರಿ ಎರಡನ್ನೂ ಒಟ್ಟಿಗೆ ಒತ್ತೋದು. ಮಗುಚಿದ ಮೇಲೆ ಈರುಳ್ಳಿ ಮಾಂಸದ ಕೊಬ್ಬಿನಲ್ಲೇ ಬಾಡುತ್ತೆ, ಮೇಲೆ ಚೀಸ್, ಅದರ ಮೇಲೆ ಬನ್ನಿನ ಎರಡೂ ಹೋಳು ಇಟ್ಟರೆ ಆವಿಗೆ ಬನ್ನೂ ಮೆತ್ತಗಾಗುತ್ತೆ. ಸಾಸೂ ಬೇಡ, ಸೊಪ್ಪೂ ಬೇಡ, ಪಿಕಲ್ ಎರಡು ಇದ್ದರೆ ಸಾಕು. ಕಾವಲಿ_ಬಿಸಿ ಅವರು ಟೋಸ್ಟ್ ಇಲ್ಲದ ಬನ್ ಅಂತ ಸಿಟ್ಟಾಗಬಹುದು. ಆದರೆ ಇದರಲ್ಲಿ ಒದ್ದೆ ಮಾಡೋಕೆ ಬೇರೆ ಏನೂ ಇರೋದಿಲ್ಲ ಸಾರ್.

ಕಾವಲಿ_ಬಿಸಿ

ಸಿಟ್ಟಿಲ್ಲ, ಒಪ್ಪೋದೂ ಇಲ್ಲ. ಆವಿಯಲ್ಲಿ ಮೆತ್ತಗಾದ ಬನ್ನು ಬೆರಳಿಗೆ ಅಂಟುತ್ತೆ. ಕೆಳಗಿನ ಹೋಳನ್ನಾದರೂ ಕಾಯಿಸಿ, ಮೇಲಿನದನ್ನು ಆವಿಗೆ ಇಡಿ.

ಮೂರನೇ_ತುತ್ತು

ಎಲ್ಲ ಬರೆದುಕೊಂಡೆ. ಕೊನೆಯದಾಗಿ ಎರಡು: ಬಾಡಿಸಿದ ಈರುಳ್ಳಿ 10 ನಿಮಿಷದಲ್ಲಿ ಆಗುತ್ತೆ ಅಂತಾರೆ, ಆಗುತ್ತಾ? ಮಾಡಿ 15 ನಿಮಿಷ ಆದ ಮೇಲೆ ತಿನ್ನೋದಾದರೆ ಏನು ಬದಲಾಯಿಸಬೇಕು?

ಉಪ್ಪು_ಹುಳಿ

10 ನಿಮಿಷದಲ್ಲಿ ಬಾಡುತ್ತೆ, ಕ್ಯಾರಮೆಲ್ ಬಣ್ಣ ಬರೋದಿಲ್ಲ. ಅದಕ್ಕೆ 40ರಿಂದ 45 ನಿಮಿಷ ಬೇಕು, ತಳ ಹಿಡಿದಾಗಲೆಲ್ಲ ಒಂದು ಚಮಚ ನೀರು ಬಿಟ್ಟು ಕೆರೆಯುತ್ತಾ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬಣ್ಣ ಬೇಗ ಬರುತ್ತೆ, ಆದರೆ ಈರುಳ್ಳಿ ಕರಗಿ ಜಾಮ್ ಆಗುತ್ತೆ. ಬರ್ಗರ್‌ಗೆ ಜಾಮ್ ಆದರೂ ನಡೆಯುತ್ತೆ, ನೇರ ಪ್ಯಾಟಿ ಮೇಲೆ ಹಚ್ಚಿ. ಸಿಹಿ ಜಾಸ್ತಿ ಇರೋದರಿಂದ ಆ ದಿನ ಕೆಚಪ್ ಬಿಡಿ.

ಹಿಟ್ಟು_ನಾದಿದವ

ಎರಡನೆಯದಕ್ಕೆ: ಪ್ಯಾಟಿಯನ್ನು ಬಾಣಲೆಯಿಂದ ಜಾಲರಿ ಮೇಲೆ ತೆಗೆದು 2 ನಿಮಿಷ ಬಿಡಿ, ಮೊದಲ ರಸ ಅಲ್ಲೇ ಇಳಿಯಲಿ. ಬನ್, ಪ್ಯಾಟಿ, ಚೀಸ್, ಪಿಕಲ್ ಮಾತ್ರ ಕಟ್ಟಿ ಬೇಕಿಂಗ್ ಪೇಪರ್‌ನಲ್ಲಿ ಸುತ್ತಿ, ಒಂದು ಬದಿ ತೆರೆದಿರಲಿ. ಪೂರ್ತಿ ಮುಚ್ಚಿದರೆ ಆವಿ ಒಳಗೇ ನೀರಾಗುತ್ತೆ. ಫಾಯಿಲ್ ಇನ್ನೂ ಕೆಟ್ಟದ್ದು. ಲೆಟ್ಯೂಸ್, ಸಾಸ್ ಬೇರೆ ಡಬ್ಬಿಯಲ್ಲಿ, ತಿನ್ನುವಾಗ ಮೇಲಿನ ಬನ್ ಎತ್ತಿ ಹಾಕಿಕೊಳ್ಳಿ. ಸ್ಮ್ಯಾಶ್‌ಗೆ ಇದು ಆಗೋದಿಲ್ಲ, ಐದು ನಿಮಿಷಕ್ಕೇ ಗರಿ ಹೋಗಿರುತ್ತೆ. ಅವತ್ತು ದಪ್ಪ ಪ್ಯಾಟಿಯನ್ನೇ ಮಾಡಿ.